ಫರ್ಸಿ ಮ್ಯಾಲ ಖಡು

ಶಹಾಬಾದ್ ಸ್ಟೇಷನ್ ರೋಡಿಗೆ, ಚಾಂದಪಾಶಾನ ಚಹಾದಂಗಡಿ ಬಗಲಿಗೆ
ನನ್ನ ದುಕಾನ. ಆರು ಫೂಟು ಅಗಲ.
ಸ್ಟೋವು, ಕುಕ್ಕರು, ಮಿಕ್ಸರು, ನೀರು ಕಾಸೋ ಕಾಯಿಲು,
ಕೆಟ್ಟದ್ದೆಲ್ಲ ಮಲ್ಕಪ್ಪನ ಕೈಗೆ ಬರ್ತದ.
ಬರ್ತಿತ್ತು ಅನ್ನಬೇಕು.

ಎದುರಿಗೆ ಹೊಸ ಶೋರೂಮ್ ಬಂತು. ರಾತ್ರಿನೂ ಬೆಳಕು.
ಬೋರ್ಡಿನ ಮ್ಯಾಲ ನಗೋ ಹೆಣ್ಮಗಳು, ಕೈಯಾಗ ಕುಕ್ಕರು.
ಆಕಿ ಎಂದೂ ಅಡಿಗಿ ಮಾಡಿಲ್ಲಂಬೋದು
ಕುಕ್ಕರು ಹಿಡದ ಪರಿಯಾಗೇ ತಿಳೀತದ.
ಫ್ಲೆಕ್ಸ್ ಹಾಕ್ಸಾಕ ನನ್ನ ಬಲ್ಲಿ ರೊಕ್ಕ ಇರಲಿಲ್ಲ.
ಇದ್ದದ್ದು ಒಂದು ಫರ್ಸಿ ಕಲ್ಲು, ಕಟ್ಟಿ ಕಟ್ಟಿಸಿ ಉಳದದ್ದು, ಮೂಲಿ ಮುಕ್ಕಾದದ್ದು.
ಮತ್ತ ಮಗಳ ಕಂಪಾಸಿನಾಗ ಅರ್ಧ ಖಡು.

ಮೊದಲ ದಿನ ಬರದೆ:
"ತೊಗರಿ ಬ್ಯಾಳಿ ನೊರಿ ಉಕ್ಕಿ ಸೀಟಿ ಕಟ್ಕೋತದ.
ಒಂದು ಹನಿ ಎಣ್ಣಿ ಬಿಡ್ರಿ. ಸಾಕು.
ಇಷ್ಟಕ್ಕ ನನ್ನ ಕಡೆ ಬರೋದು ಬ್ಯಾಡ."
ಚಾಂದಪಾಶಾ ಓದಿ ಹಣಿ ಬಡ್ಕೊಂಡ:
"ಹುಚ್ಚನೇನೋ? ಸೀಟಿ ಬಿಚ್ಚಿ ಊದಿದ್ರ ಇಪ್ಪತ್ತು ರೂಪಾಯಿ.
ಆ ಇಪ್ಪತ್ತೂ ರಸ್ತಾದಾಗ ಚೆಲ್ಲಿದಿ."

ಚೆಲ್ಲಿದ್ದು ಖರೇ.
ಒಂದು ವಾರ ಬರೇ ಓದವ್ರು.
ಕಾಯಿಪಲ್ಲೆ ಚೀಲ ಹಿಡದು ನಿಂತು, ತುಟಿ ಅಲ್ಲಾಡಿಸಿ,
ಒಳಗ ನೋಡದೇ ಹೋಗವ್ರು.
ನಾ ಸಂಜಿಗೆ ಒರಸ್ತಿದ್ದೆ, ಮುಂಜಾನಿ ಬರೀತಿದ್ದೆ.
ವಾಸರು ಸಡಲಿದ್ರ ಏನು ಮಾಡಬೇಕು,
ಬಿಸಿ ಮಸಾಲಿ ಮಿಕ್ಸರಿಗೆ ಯಾಕ ಹಾಕಬಾರದು.

ಒಂದಿನ ಜಗದೇವಿ, ಏಳನೇ ಕ್ಲಾಸಿನ ಪೋರಿ,
ಪಾಟೀಚೀಲ ಇಳಿಸಿ, ಕೇಳದೇ ಖಡು ತಗೊಂಡು
ನನ್ನ "ಭರ್ನರ್" ತಿದ್ದಿದಳು:
"ಬ ಹೊಟ್ಟಿ ಸೀಳಬ್ಯಾಡ ಕಾಕಾ. ಅದಕ್ಕೇನು ರೋಗ ಆಗಿಲ್ಲ."
ಅವತ್ತಿಂದ ಸಾಲಿ ಬಿಟ್ಟ ಮ್ಯಾಲ ಆಕೀದೊಂದು ತಪಾಸಣಿ.

ಕಾಯಿಲಿನ ಸಂಗತಿ ಬರಿಯೂ ಮುಂದ ಕೈ ಜರಾ ನಿಂತಿತು.
ನಮ್ಮೂರ ಬೋರಿನ ನೀರಂದ್ರ ಕರಗಿದ ಕಲ್ಲು.
ಅಪ್ಪ ಖಣಿಯಾಗ ಕಡದ ಕಲ್ಲೇ
ಕೊಡದಾಗ ತುಂಬಿ, ಮನಿ ಹೊಕ್ಕು,
ಕಾಯಿಲಿಗೆ ಬೆಳ್ಳಗ ಹತ್ತಿ, ಬಿಗದು, ಸುಟ್ಟು ಬರ್ತದ.
ಅದನ್ನ ಆ ಕಲ್ಲಿನ ಮ್ಯಾಲೇ ಬರೀಲತ್ತೀನಿ.
"ಹದಿನೈದು ದಿನಕ್ಕೊಮ್ಮೆ ಲಿಂಬಿಹುಳಿ ನೀರಾಗ ತೊಳೀರಿ.
ಮೊದಲ ಪ್ಲಗ್ ಕೀಳ್ರಿ. ಮೊದಲ. ತಿಳೀತಾ?"

ಮರುವಾರ ಒಬ್ಬಾಕಿ ಸೆರಗಿನಾಗ ಕಾಯಿಲು ಸುತ್ತಿಕೊಂಡು ಬಂದಳು:
"ನೀ ಹೇಳಿದಂಗ ತೊಳದೆ. ಬಿಳುಪು ಹೋತು.
ಒಳಗ ತಂತಿ ಹರದದ. ಇದು ನಿನ್ನ ಕೆಲಸ."
ನನ್ನ ಕೆಲಸ ಯಾವುದು, ಯಾವುದಲ್ಲ,
ಅದು ಗಿರಾಕಿ ಬಾಯಿಲೆ ಕೇಳಿದ್ದು ಅದೇ ಮೊದಲು.

ಹಂಗಂತ ದಿನಾ ಹಬ್ಬ ಇರಲಿಲ್ಲ.
ಸುಗಲಾಬಾಯಿ ಮಿಕ್ಸರು ನನ್ನ ಕೈಯಾಗ ಸುಟ್ಟಿತು.
ರಾತ್ರಿ ನಿದ್ದಿ ಬರಲಿಲ್ಲ. ಮುಂಜಾನಿ ಬರದೆ:
"ನಿನ್ನಿ ಒಂದು ಮೋಟರು ಕೆಡಿಸೀನಿ. ತಂತಿ ದಪ್ಪಂದು ಸುತ್ತಬೇಕಿತ್ತು,
ಸಣ್ಣದು ಸುತ್ತಿದೆ. ತಪ್ಪು ನಂದು. ಹೊಸಾದು ಹಾಕಿ ಕೊಡ್ತೀನಿ."
ಚಾಂದಪಾಶಾ ಕಪ್ಪು ತೊಳಿಯೋದು ಬಿಟ್ಟು ಓಡಿ ಬಂದ,
"ಒರಸು, ಒರಸೋ ಮಾರಾಯ, ಜನಾ ಏಳೂ ಮುಂದ!"
ಒರಸಲಿಲ್ಲ. ಧೈರ್ಯ ಅಲ್ಲ, ಬಟ್ಟಿ ಸಿಗಲಿಲ್ಲ.
ಮಧ್ಯಾಹ್ನಕ್ಕ ಮೂರು ಮಿಕ್ಸರು ಬಂದವು.
ಒಬ್ಬ ಮಾಸ್ತರು ಜಾರು ಕೊಟ್ಕೋತ ಅಂದ್ರು:
"ತಪ್ಪು ಬರಿಯಾವ ಸುಳ್ಳು ಬಿಲ್ಲು ಬರಿಯಾಂಗಿಲ್ಲ."

ಶೋರೂಮಿನ ಬೆಳಕು ಇನ್ನೂ ಅದ. ಆಕಿ ಇನ್ನೂ ನಗ್ತಾಳ.
ಇರಲಿ. ಅಲ್ಲಿ ತಗೊಂಡದ್ದೂ ಒಂದಿನ ಕೆಡತದ.

ಇವತ್ತು ಏನೂ ಹೊಳೀಲಿಲ್ಲ.
ಖಡು ಬೆರಳಿಗೆ ಹತ್ತೋದೊಂದೇ ಆತು.
ಕಡೀಕ ಬರದೆ: "ನನ್ನ ಬಲ್ಲಿ ಮಾತು ತೀರ್ಯಾವ.
ನಿಮ್ಮ ಮನ್ಯಾಗ ಏನು ಕೆಟ್ಟದ?"
ಖಡು ಅಲ್ಲೇ ಕಲ್ಲಿನ ಮ್ಯಾಲ ಬಿಟ್ಟು ಉಣ್ಣಾಕ ಹೋದೆ.

ಬಂದು ನೋಡ್ತೀನಿ, ಕೈಗೊಂದು ಅಕ್ಷರ:
"ಇಸ್ತ್ರಿ." "ಟೇಬಲ್ ಫ್ಯಾನು, ಬರೇ ಗುಂಯ್ ಅಂತದ."
"ನಮ್ಮಪ್ಪನ ತಲಿ." (ಜಗದೇವಿ ಅಕ್ಷರ, ನಂಗೊತ್ತು.)
ತಳಗ, ಮುಕ್ಕಾದ ಮೂಲ್ಯಾಗ, ಅಳ್ಳಕ ಕೈಲೆ:
"ರೇಡಿಯೋ. ಭಾಳ ಹಳೀದು. ಆಗ್ತದೇನು?"

ಜಾಗಾ ಉಳದದ್ದು ನಾಕ ಬೆರಳು.
ಸಣ್ಣಗ ಬರದೆ:
"ತರ್ರಿ. ನೋಡೂಣ."